ಕೋಡಿ ಕಲ್ಲಿನ ಮೇಲಿನ ನೀರು

ನಮ್ಮೂರಿನ ಗಂಡಸರು ಸೀರೆ ಕೊಂಡುಕೊಂಡು ಟ್ರ್ಯಾಕ್ಟರ್ ಹತ್ತಿದ ದಿನ ನಾನು ಊರಲ್ಲಿರಲಿಲ್ಲ. ಪಿಂಚಣಿಯ ಕೆಲಸವಿತ್ತು, ಬೆಳಗಿನ ಮೊದಲ ಬಸ್ಸಿಗೆ ಕಡೂರಿಗೆ ಹೋಗಿದ್ದೆ. ಊರಲ್ಲಿದ್ದಿದ್ದರೆ ಅವರನ್ನು ಹೊರಡಲು ಬಿಡುತ್ತಿರಲಿಲ್ಲ.

ಸಂಜೆ ಹಿಂತಿರುಗಿದಾಗ ಮನೆಯ ಜಗಲಿಯ ಮೇಲೆ ಒಂದು ದೊಡ್ಡ ತಟ್ಟೆ ಇತ್ತು. ಅದರಲ್ಲಿ ಬೆಲೆಚೀಟಿ ಕೀಳದ ಹಸಿರು ಸೀರೆ, ಬಾಳೆಹಣ್ಣಿನ ಚಿಪ್ಪು, ಎಲೆ ಅಡಿಕೆ, ತೆಂಗಿನಕಾಯಿ. ನಮ್ಮ ಯಜಮಾನರು ಕಂಬಕ್ಕೆ ಒರಗಿ ಕೂತು ತಟ್ಟೆಯನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದರು.

"ಏನ್ರೀ ಇದು?"

"ಮಡಿಲಕ್ಕಿ. ಮೇಲ್ಗಡೆಯೋರು ವಾಪಸ್ ಕಳಿಸಿದ್ರು."

"ಯಾರು ತಗೊಂಡು ಹೋಗಿದ್ದು?"

"ನಾವೇ. ಗಂಡಸ್ರೆಲ್ಲ ಸೇರ್ಕೊಂಡು."

"ಹೆಂಗಸ್ರು?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಟ್ರ್ಯಾಕ್ಟರಲ್ಲಿ ಜಾಗ ಇರ್ಲಿಲ್ಲ," ಎಂದರು.

ಅವರು ಮಾಡಿದ ತಪ್ಪು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಎರಡು ಕೆರೆಗಳ ವಿಷಯ ಹೇಳಬೇಕು. ನಮ್ಮ ಹಿರೇನಲ್ಲೂರು ಹೋಬಳಿಯಲ್ಲಿ ಒಂದೇ ಹಳ್ಳದ ಮೇಲೆ ಎರಡು ಕೆರೆಗಳಿವೆ. ಮೇಲಿನ ಕೆರೆ ನನ್ನ ತವರೂರಿನದು. ಕೆಳಗಿನದು ನಾನು ಮದುವೆಯಾಗಿ ಬಂದ ಊರಿನದು. ಮೇಲಿನ ಕೆರೆ ತುಂಬಿದರೆ ಹೆಚ್ಚಾದ ನೀರು ಏರಿಯ ಮೂಲೆಯ ಕೋಡಿಯಲ್ಲಿ, ಅಲ್ಲಿ ಸಾಲಾಗಿ ಹಾಸಿದ ಕಲ್ಲುಗಳ ಮೇಲೆ ಹರಿದು, ಹಳ್ಳ ಹಿಡಿದು ನಮ್ಮ ಕೆರೆಗೆ ಬರುತ್ತದೆ. ನಮ್ಮ ಕೆರೆಗೆ ಬೇರೆ ದಾರಿ ಇಲ್ಲ. ಅವರು ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ.

ಹಿರಿಯರು ಇದಕ್ಕೆ ಕಾಗದ ಪತ್ರ ಮಾಡಿಕೊಳ್ಳಲಿಲ್ಲ, ನಂಟಸ್ತನ ಮಾಡಿಕೊಂಡರು. ಮೇಲಿನ ಊರಿನ ಹೆಣ್ಣುಗಳನ್ನು ಕೆಳಗಿನ ಊರಿಗೆ ತಂದರು, ಕೆಳಗಿನ ಊರಿನ ಹೆಣ್ಣುಗಳನ್ನು ಮೇಲಕ್ಕೆ ಕೊಟ್ಟರು. ಆಮೇಲೆ ನೀರನ್ನೂ ಹೆಣ್ಣುಮಗಳ ಲೆಕ್ಕಕ್ಕೆ ಸೇರಿಸಿದರು. ನನ್ನ ತವರಿನಲ್ಲಿ ಕೆರೆ ತುಂಬಿ ಹರಿದರೆ 'ಕೋಡಿ ಬಿತ್ತು' ಎನ್ನುತ್ತಿರಲಿಲ್ಲ, 'ಮಗಳು ಹೊರಟಳು' ಎನ್ನುತ್ತಿದ್ದರು. ಆ ಸುದ್ದಿ ತಲುಪಿದ ಕೂಡಲೇ ಆ ಊರಿನಲ್ಲಿ ಹುಟ್ಟಿ ಈ ಊರಿಗೆ ಬಂದ ಹೆಂಗಸರೆಲ್ಲ ಒಟ್ಟಾಗಿ ಹೋಗಬೇಕು. ಪ್ರತಿಯೊಬ್ಬಳೂ ಗಂಡನ ಮನೆಯ ಅಕ್ಕಿಯನ್ನು ಒಂದು ಹಿಡಿ ಒಯ್ದು ಕೋಡಿಯ ನೀರಿಗೆ ಬಿಡಬೇಕು. ತವರಿನವರು ಅವರಿಗೆ ಏರಿಯ ಮೇಲೆಯೇ ಊಟ ಹಾಕಿ, ಮಡಿಲು ತುಂಬಿ, ನೀರಿನ ಜೊತೆಗೆ ಕಳಿಸಿಕೊಡಬೇಕು. ನೀರು ಕೆಳಗಿನ ಕೆರೆ ಮುಟ್ಟುವವರೆಗೆ ಹಳ್ಳಕ್ಕೆ ಯಾರೂ ಕೈ ಹಾಕುವಂತಿಲ್ಲ. ಗಂಡನ ಮನೆಗೆ ಹೊರಟವಳನ್ನು ದಾರಿಯಲ್ಲಿ ತಡೆಯಬಾರದು. ಮುಟ್ಟಿದ ಮೇಲೆ ತವರಿಗೆ ಸುದ್ದಿ ಹೋಗಬೇಕು. ಇಷ್ಟೇ ಕಾನೂನು. ಮದುವೆಯಾದ ಹೊಸದರಲ್ಲಿ ನಾನೂ ಹೋಗಿ ಅಕ್ಕಿ ಬಿಟ್ಟು ಬಂದಿದ್ದೇನೆ. ಆಮೇಲೆ ಮಳೆ ತಪ್ಪಿತು, ಕೋಡಿ ಬೀಳುವುದೇ ನಿಂತಿತು, ಪದ್ಧತಿಯೂ ಮಲಗಿತು.

ಹೆಣ್ಣು ಕರೆದೊಯ್ಯಲು ಹೆಂಗಸರೇ ಹೋಗಬೇಕೆಂಬ ಮೊದಲನೆಯ ನಿಯಮವನ್ನು ನಮ್ಮೂರಿನ ಗಂಡಸರು ಮರೆತಿದ್ದರು. ಪದ್ಧತಿಯ ಹೆಸರು ನೆನಪಿತ್ತು, ತಟ್ಟೆಗೆ ಏನೇನು ಬೇಕೆಂಬುದೂ ನೆನಪಿತ್ತು, ಮಡಿಲು ತುಂಬುವುದು ತವರಿನವರ ಕೆಲಸವೆಂಬುದೂ ಮರೆತಿತ್ತು. ಅಲ್ಲಿ ಅವರನ್ನು ತಡೆದು ನಿಲ್ಲಿಸಿದವನು ನನ್ನ ತಮ್ಮನೇ. "ಹೆಂಗಸ್ರಿಲ್ದೆ ಹೆಣ್ಣು ಕರೆಯಕ್ ಬಂದಿದೀರಲ್ಲಪ್ಪಾ, ಇದೇನು ಕರ್ಕೊಂಡ್ ಹೋಗೋದೋ, ಹೊತ್ಕೊಂಡ್ ಹೋಗೋದೋ?" ಎಂದನಂತೆ. ಏರಿಯ ಮೇಲಿದ್ದವರೆಲ್ಲ ನಕ್ಕರಂತೆ. ನಕ್ಕ ಮೇಲೆ ಮಾತೆಲ್ಲಿ ನಡೆಯುತ್ತದೆ? ತಟ್ಟೆ ಟ್ರ್ಯಾಕ್ಟರಿನಲ್ಲೇ ವಾಪಸ್ಸು ಬಂತು.

ತಮ್ಮನ ಮಾತು ಕೆಟ್ಟದ್ದೇ. ಆದರೆ ತಪ್ಪು ಮಾತಲ್ಲ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಈಚೆಗೆ ತರೀಕೆರೆ ಕಡೆಯಿಂದ ನದಿಯ ನೀರನ್ನು ಎತ್ತಿ, ದೊಡ್ಡ ಪೈಪಿನಲ್ಲಿ ತಂದು, ಕಡೂರು, ಅಜ್ಜಂಪುರ ಕಡೆಯ ಒಣ ಕೆರೆಗಳನ್ನು ತುಂಬಿಸುವ ಕೆಲಸ ನಡೆದಿದೆ. ಪೈಪು ನನ್ನ ತವರಿನ ಕೆರೆಯವರೆಗೆ ಬಂದು ನಿಂತಿತು. ನಮ್ಮ ಕೆರೆಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮೇಲಿನದು ತುಂಬಿದರೆ ಕೋಡಿಯ ಮೂಲಕ ಕೆಳಗಿನದು ತಾನೇ ತುಂಬುತ್ತದೆಂದು ಎಂಜಿನಿಯರುಗಳು ನಕ್ಷೆಯಲ್ಲಿ ಬಾಣದ ಗುರುತು ಹಾಕಿದ್ದರು.

ಕೆರೆ ಕೋಡಿಯ ಮಟ್ಟಕ್ಕೆ ಬರುತ್ತಿದ್ದ ಹಾಗೆ ಮೇಲಿನ ಊರಿನವರು ಕಲ್ಲುಗಳ ಮೇಲೆ ಮರಳಿನ ಚೀಲಗಳನ್ನು ಸಾಲಾಗಿ ಜೋಡಿಸಿಬಿಟ್ಟರು. ಕೆರೆ ಇನ್ನಷ್ಟು ಎತ್ತರಕ್ಕೆ ನಿಂತಿತು. ಹಳ್ಳಕ್ಕೆ ಒಂದು ತೊಟ್ಟೂ ಬೀಳಲಿಲ್ಲ.

ನಮ್ಮೂರಿಗೆ ಕುಡಿಯುವ ನೀರೆಲ್ಲ ಕೆರೆಯ ಅಂಗಳದ ಅಂಚಿನಲ್ಲಿರುವ ಒಂದೇ ಬೋರಿನದು. ಊರೊಳಗೆ ಬೇರೆ ಬೋರುಗಳಿವೆ, ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಆ ಬೇಸಿಗೆಯಲ್ಲಿ ಅಂಗಳದ ಬೋರು ನೀರಿಗಿಂತ ಹೆಚ್ಚು ಗಾಳಿ ಉಗುಳತೊಡಗಿತ್ತು. ಈ ಸಲ ಕೆರೆಗೆ ನೀರು ಮುಟ್ಟದಿದ್ದರೆ ಬೋರು ನಿಲ್ಲುತ್ತದೆ, ಊರು ಟ್ಯಾಂಕರಿನ ಹಿಂದೆ ಓಡಬೇಕಾಗುತ್ತದೆ. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದರು. ನಮ್ಮ ಯಜಮಾನರು ಇವತ್ತಿಗೂ ಅಮಲ್ದಾರ್ ಎಂದೇ ಕರೆಯುವ ತಹಶೀಲ್ದಾರರು ಸರ್ವೆ ಮಾಡಿಸುತ್ತೇವೆ, ಅಲ್ಲಿಯವರೆಗೆ ನಿಮ್ಮಲ್ಲೇ ಹೊಂದಿಕೊಳ್ಳಿ ಎಂದಿದ್ದರು. ಕೆಲವರು ಮಠಕ್ಕೆ ಹೋಗೋಣ ಎಂದರು. ಎರಡು ಊರೂ ಒಂದೇ ಮಠದ ಒಕ್ಕಲು. ಅಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ನೀರೆಲ್ಲ ಮೇಲಿನವರ ಅಡಿಕೆ ಸಸಿಗಳ ಬುಡ ಸೇರಿರುತ್ತಿತ್ತು.

ಸರದಿ ಎಂಬ ಮಾತು ನನ್ನ ಬಾಯಿಗೆ ಬೇಗ ಬರುತ್ತದೆ. ನಾನು ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಮೊದಲು ತರೀಕೆರೆ, ನಂತರ ಅಜ್ಜಂಪುರ, ಕೊನೆಗೆ ಕಡೂರು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಹೊರಗಿನ ಊರುಗಳಿಗೆ ಇದ್ದ ಲೈನುಗಳು ಕೈಬೆರಳಲ್ಲಿ ಎಣಿಸುವಷ್ಟು, ಮಾತಾಡಬೇಕಾದವರು ಇಡೀ ತಾಲ್ಲೂಕು. ಕೊಬ್ಬರಿ ಮಂಡಿಯ ಸಾಹುಕಾರ ಕಿವಿ ಕಿವುಡಾಗುವಂತೆ ಕೂಗುತ್ತಿದ್ದ, ಆಸ್ಪತ್ರೆಯಿಂದ ಅಳುವ ದನಿ ಬರುತ್ತಿತ್ತು, ಮದುವೆ ಗೊತ್ತಾದವರು ಸುಮ್ಮನೆ ನಗುತ್ತಿದ್ದರು. ಅರ್ಜೆಂಟಿಗೆ ಒಂದು ಸಾಲು, ಸಾಮಾನ್ಯಕ್ಕೆ ಒಂದು ಸಾಲು. ಸಾಲು ಮುರಿಯುವಂತಿರಲಿಲ್ಲ, ಮೂರು ನಿಮಿಷ ಮುಗಿದ ಕೂಡಲೇ ಎಚ್ಚರಿಸಬೇಕಿತ್ತು. ನನಗೆ ಕೆಲಸ ಕಲಿಸಿದ ಮೇಲ್ವಿಚಾರಕಿ ಮೊದಲ ದಿನವೇ ಹೇಳಿದ್ದರು: "ಲೈನು ನಿನ್ನದಲ್ಲಮ್ಮ. ನೀನು ಕೂಡಿಸೋಳು, ಅಷ್ಟೆ." ಆ ಕೆಲಸ ನನ್ನ ದಿನವನ್ನೂ ಗೆರೆ ಹೊಡೆದಂತೆ ತಿದ್ದಿತು. ಇವತ್ತಿಗೂ ಹೊತ್ತು ಮೂಡುವ ಮೊದಲು ಏಳುತ್ತೇನೆ, ಸ್ನಾನ, ವಿಭೂತಿ, ಪೂಜೆ, ರೊಟ್ಟಿ, ಆಮೇಲೆ ಲೋಕದ ಮಾತು. ಪೂಜೆಗೆ ಮೊದಲು ಲೋಕದ ಮಾತು ಆಡಿದರೆ ಎರಡೂ ಕೆಡುತ್ತವೆ.

ಮರುದಿನ ರೊಟ್ಟಿ ಮುಗಿಸಿ ಫೋನು ಹಿಡಿದು ಕೂತೆ. ನನ್ನ ತವರಿನಲ್ಲಿ ಹುಟ್ಟಿ ನಮ್ಮೂರಿಗೆ ಬಂದ ಹೆಂಗಸರನ್ನು ಬೀದಿಯ ಕ್ರಮದಲ್ಲಿ ಒಬ್ಬೊಬ್ಬರಾಗಿ ಕರೆದೆ. ಎಲ್ಲರಿಗೂ ಒಂದೇ ಮಾತು. ಸೋಮವಾರ ಬೆಳಿಗ್ಗೆ ನಡೆದುಕೊಂಡೇ ಹೋಗುವುದು. ಮನೆಯ ಅಕ್ಕಿ ಒಂದು ಹಿಡಿ ತರಬೇಕು, ಅಂಗಡಿಯದಲ್ಲ. ಗಂಡಸರು ಬರಕೂಡದು. ಫೋಟೋ ತೆಗೆಯಕೂಡದು. ಅಲ್ಲಿ ಯಾರು ಏನು ಕೊಟ್ಟರೂ, ನೀರು ಹೊರಡುವ ತನಕ, ತಿನ್ನಕೂಡದು.

ಕೊನೆಯದನ್ನು ಹಲವರು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ತವರಿಗೆ ಹೋಗಿ ಅಲ್ಲಿ ಉಣ್ಣದೆ ಬರುವುದು ಸಣ್ಣ ವಿಷಯವಲ್ಲ. ಸಾವಿನ ಮನೆಯಲ್ಲೂ ಮಗಳಿಗೆ ಒಂದು ತುತ್ತು ತಿನ್ನಿಸಿಯೇ ಕಳಿಸುತ್ತಾರೆ. ನಮ್ಮಲ್ಲಿ ಹಿರಿಯಳಾದ, ಮಂಡಿನೋವಿನ ಅಕ್ಕ ಒಬ್ಬರಿದ್ದಾರೆ. ಅವರು ಮಾತ್ರ ತಕ್ಷಣ ಹೇಳಿದರು: "ಉಪವಾಸ ಬೇಕಾದ್ರೆ ಇರ್ತೀನಿ ಕಣೇ. ನಡ್ಯೋದು ಹೆಂಗೆ ಅಂತ ಹೇಳು." ಅವರನ್ನು ಆಟೋದಲ್ಲಿ ಕೂರಿಸುವುದೆಂದಾಯಿತು. ಆಟೋ ಓಡಿಸುವವನು ಗಂಡಸಲ್ಲವೇ ಎಂದು ಒಬ್ಬಳು ಕೇಳಿದಳು. ಅವನು ಊರಾಚೆಯೇ ನಿಲ್ಲಲಿ ಎಂದೆ.

ಯಜಮಾನರು ಇದನ್ನೆಲ್ಲ ಕೇಳುತ್ತ ಜಗಲಿಯಲ್ಲೇ ಇದ್ದರು. ತಟ್ಟೆಯ ಸೀರೆ ಏನು ಮಾಡೋದು ಎಂದು ಕೇಳಿದರು. ಅಂಗಡಿಗೆ ವಾಪಸ್ಸು ಕೊಡಿ, ಬೆಲೆಚೀಟಿ ಇದೆಯಲ್ಲ ಎಂದೆ.

ಸೋಮವಾರ ಹಳ್ಳದ ಪಕ್ಕದಲ್ಲೇ ನಡೆದೆವು. ನೀರು ಬರಬೇಕಾದ ದಾರಿಯನ್ನು ನೋಡಿಕೊಂಡೇ ಹೋಗೋಣವೆಂದು ನಾನೇ ಆ ದಾರಿ ಹಿಡಿಸಿದ್ದೆ. ನೋಡಿದ್ದು ಸಂತೋಷ ಕೊಡಲಿಲ್ಲ. ಮರಳು ಬಗೆದ ಗುಂಡಿಗಳು ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು. ಜಾಲಿ ಹಳ್ಳದ ನಡುವಿಗೇ ಬಂದು ನಿಂತಿತ್ತು. ನಾವು ಸೊಸೆಯರಾಗಿ ಬಂದಾಗ ರಾಗಿ, ಎಳ್ಳು ಬೆಳೆಯುತ್ತಿದ್ದ ಬೆದ್ದಲಿನಲ್ಲಿ ಎರಡು ಊರಿನವರೂ ಅಡಿಕೆ ಸಸಿ ನೆಟ್ಟು ತೆಂಗಿನ ಗರಿಯ ನೆರಳು ಕಟ್ಟಿದ್ದರು. ಪ್ರತಿ ಸಸಿಗೂ ಒಂದೊಂದು ಸಣ್ಣ ಕರಿ ಪೈಪು. ಮೇಲಿನವರದಷ್ಟೇ ಆಸೆ ನಮ್ಮದೂ ಎಂದು ಯಾರೋ ಹಿಂದಿನಿಂದ ಅಂದರು.

ಕೋಡಿಯ ಬಳಿ ಮರಳಿನ ಚೀಲಗಳ ಸಾಲಿನ ಮೇಲೆಯೇ ನನ್ನ ತಮ್ಮ ಕೂತಿದ್ದ. ಅವನ ಹಿಂದೆ ಕೆರೆ ಅಂಚಿನವರೆಗೆ ತುಂಬಿ ಬಿಸಿಲಿಗೆ ಹೊಳೆಯುತ್ತಿತ್ತು. ಅಷ್ಟು ನೀರನ್ನು ಅಲ್ಲಿ ಕಂಡು ಎಷ್ಟೋ ವರ್ಷಗಳಾಗಿದ್ದವು. ನಮ್ಮಲ್ಲಿ ಇಬ್ಬರು ಮೂವರು ಕಣ್ಣೊರೆಸಿಕೊಂಡರು. ತಮ್ಮ ಎದ್ದು ಬಂದ.

"ಏನಕ್ಕಾ, ದಂಡು ಕಟ್ಕೊಂಡ್ ಬಂದಿದೀಯ?"

"ದಂಡಲ್ಲ ಕಣೋ, ಹೆಣ್ಮಕ್ಕಳು. ಒಬ್ಬೊಬ್ರ ಮುಖಾನೂ ನೋಡು, ಎಲ್ಲ ನಿಮ್ಮೂರಲ್ಲೇ ಹುಟ್ಟಿದೋರು."

"ಸರಿ, ಮನೇಗ್ ಬನ್ನಿ. ಬಿಸಿಲು."

"ಇಲ್ಲೇ ಕೂರ್ತೀವಿ."

ಅವನಿಗೆ ಅರ್ಥವಾಯಿತು. ದನಿ ತಗ್ಗಿಸಿ ಹೇಳಿದ. "ನೋಡಕ್ಕ, ಮಳೆ ನೀರಾಗಿದ್ರೆ ನಿನ್ನ ಇಷ್ಟು ದೂರ ಬರಕ್ಕೇ ಬಿಡ್ತಿರ್ಲಿಲ್ಲ, ನಾನೇ ಕಳಿಸ್ತಿದ್ದೆ. ಇದು ಪೈಪ್ ನೀರು. ಆಫೀಸು ಆಫೀಸು ಅಲೆದು ತಂದಿದೀವಿ. ಇದು ಹುಟ್ಟಿದ ಮಗಳಲ್ಲ, ತಂದಿರೋದು. ತಂದಿರೋದಕ್ಕೆ ಆ ಪದ್ಧತಿ ಇಲ್ಲ."

ಆಮೇಲೆ ಅವನು ತನ್ನ ಭಯವನ್ನೂ ಹೇಳಿಕೊಂಡ. ಹಿಂದಿನ ವರ್ಷ ಪಂಪು ನಡುವಿನಲ್ಲೇ ಕೆಟ್ಟು ಕೆರೆ ಅರ್ಧಕ್ಕೇ ನಿಂತಿತ್ತಂತೆ. ಈ ವರ್ಷ ಎಷ್ಟು ದಿನ ಬರುತ್ತದೋ ಗೊತ್ತಿಲ್ಲ. ಅವರ ಬೋರುಗಳೂ ಒಂದೊಂದಾಗಿ ಸತ್ತಿದ್ದವು. ನಾನು ನಡುವೆ ಬಾಯಿ ಹಾಕಲಿಲ್ಲ. ಲೈನಿನಲ್ಲಿರುವವರು ಮಾತು ಮುಗಿಸುವವರೆಗೆ ಕಾಯುವ ಅಭ್ಯಾಸ ನನಗಿದೆ. ಅವನದು ಸುಳ್ಳಾಗಿರಲಿಲ್ಲ. ಆದರೆ ಅದು ಚೀಲ ಇಡಲು ಕಾರಣವಾಗುತ್ತದೆಯೇ ಹೊರತು ಹಕ್ಕಾಗುವುದಿಲ್ಲ.

"ಆ ಕಲ್ಲುಗಳ ಮಟ್ಟ ನೋಡು," ಎಂದೆ. "ಕಲ್ಲಿಂದ ಕೆಳಗಿರೋದೆಲ್ಲ ನಿಮ್ದು. ಕೆರೆ ತುಂಬ ಇಟ್ಕೊಳ್ಳಿ, ನಾವು ಕೇಳಲ್ಲ. ಕಲ್ಲಿನ ಮೇಲಿಂದು ನಮ್ದು. ಚೀಲ ಇಟ್ಟಿರೋದು ನಮ್ಮ ನೀರಿನ ಮೇಲೆ."

"ಕಲ್ಲು ಇಟ್ಟೋರಿಗೆ ಪೈಪ್ ಬರುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಆದ್ರೂ ಮಟ್ಟ ನೋಡಿ ಇಟ್ಟವ್ರೆ."

ಅವನು ತಲೆ ಕೊಡವಿ ಚೀಲಗಳ ಹತ್ತಿರ ಹೋದ. ನಾವು ಏರಿಯ ಮೇಲಿನ ಹೊಂಗೆ ಮರದ ನೆರಳಿನಲ್ಲಿ ಸಾಲಾಗಿ ಕೂತೆವು. ಅಕ್ಕಿ ಸೆರಗಿನಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಊರಿನ ಹೆಂಗಸರು ಬರತೊಡಗಿದರು. ಮೊದಲು ಕಾಫಿ ಬಂತು. ನಾವು ಬೇಡ ಎಂದೆವು. ಮಜ್ಜಿಗೆ ಬಂತು, ಅದೂ ಬೇಡ. ಮಧ್ಯಾಹ್ನಕ್ಕೆ ಮನೆಮನೆಯಿಂದ ಬುಟ್ಟಿಗಳು ಬಂದವು. ರೊಟ್ಟಿ, ಕಾಳು ಪಲ್ಯ, ಚಟ್ನಿಪುಡಿ, ಯಾರೋ ಅವಸರದಲ್ಲಿ ಮಾಡಿದ ಪಾಯಸ. ಬುಟ್ಟಿಗಳು ನಮ್ಮ ಮುಂದೆ ಸಾಲಾಗಿ ಕೂತವು, ನಾವು ಬುಟ್ಟಿಗಳ ಮುಂದೆ ಸಾಲಾಗಿ ಕೂತೆವು. ಮಂಡಿನೋವಿನ ಅಕ್ಕ ಪಾಯಸದ ಪಾತ್ರೆಯ ಮುಚ್ಚಳವನ್ನು ತೆಗೆದು ನೋಡಿ, ಮತ್ತೆ ಮುಚ್ಚಿ, "ಒಣದ್ರಾಕ್ಷಿ ಬೇರೆ ಹಾಕವ್ಳೆ," ಎಂದರು. ನಾವು ನಕ್ಕೆವು, ತಂದವಳು ನಗಲಿಲ್ಲ.

ಮನೆಗೆ ಬಂದ ಹೆಣ್ಣುಮಗಳು ಉಣ್ಣದಿದ್ದರೆ ಮನೆಯವರೂ ಉಣ್ಣುವಂತಿಲ್ಲ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನನ್ನ ತವರಿನಲ್ಲಿ ಅದು ಹಾಲಿನ ಜೊತೆಗೇ ಕುಡಿಸುವ ಪಾಠ. ನಾನು ಅದನ್ನು ನಂಬಿಯೇ ಹೊರಟಿದ್ದೆ. ಹೊತ್ತು ನೆತ್ತಿ ದಾಟಿದ ಹಾಗೆ ಆ ಕಡೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ಅಡುಗೆಯೆಲ್ಲ ಏರಿಯ ಮೇಲೆ ಆರುತ್ತಿತ್ತು. "ಹೊಟ್ಟೆ ಚುರ್ ಅಂತೈತೆ, ಅತ್ಲಾಗೆ ಏನಾದ್ರೂ ಒಂದ್ ಮಾಡ್ರಪ್ಪಾ," ಎಂದು ಒಬ್ಬ ಮುದುಕರು ಗೊಣಗಿದರು.

ಆಗ ತಮ್ಮನ ಹೆಂಡತಿ ಬಂದಳು. ಅವಳ ವಿಷಯ ಒಂದು ಮಾತು ಹೇಳಬೇಕು. ನಮ್ಮದು ಕೊಟ್ಟು ತಂದುಕೊಂಡ ಸಂಬಂಧ. ನನ್ನನ್ನು ಕೆಳಗಿನ ಊರಿಗೆ ಕೊಟ್ಟು, ನಮ್ಮ ಯಜಮಾನರ ತಂಗಿಯನ್ನು ನನ್ನ ತಮ್ಮನಿಗೆ ತಂದರು. ಎರಡು ದಾರಿಯಿಂದಲೂ ಅವಳು ನನಗೆ ನಾದಿನಿ. ನಾನು ಹುಟ್ಟಿದ ಊರಿನಲ್ಲಿ ಅವಳು ಸೊಸೆ, ಅವಳು ಹುಟ್ಟಿದ ಊರಿನಲ್ಲಿ ನಾನು ಸೊಸೆ. ಮಾತು ಕಡಿಮೆ. ಗಂಡನ ಎದುರು ನಿಂತು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಅವಳು ಬುಟ್ಟಿಯನ್ನು ನನ್ನ ಮುಂದಿಟ್ಟಳು. "ಅತ್ತಿಗೆ, ಒಂದು ರೊಟ್ಟಿ ತಿನ್ನಿ."

"ಉಣ್ಣಲ್ಲ ಕಣೇ. ಇವಳು ಹೊರಟ ಮೇಲೆ ಉಣ್ತೀನಿ," ಎಂದು ಕೆರೆ ತೋರಿಸಿದೆ.

ಅವಳು ಕೆರೆಯನ್ನು ನೋಡಿದಳು, ಚೀಲಗಳನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ನನ್ನ ಪಕ್ಕದಲ್ಲಿ, ನಮ್ಮ ಸಾಲಿನಲ್ಲೇ ಕೂತುಬಿಟ್ಟಳು.

ತಮ್ಮ ದೂರದಿಂದಲೇ ಕರೆದ. "ನೀನ್ಯಾಕೆ ಅಲ್ಲಿ ಕೂತೆ? ಏಳು."

"ಅದು ನನ್ನ ತವರು," ಎಂದಳು ಅವಳು. "ನಮ್ಮಣ್ಣನ ಮನೆಗೆ ಕುಡಿಯಕ್ಕೆ ನೀರಿಲ್ದೇ ಇದ್ರೆ ನಾನು ಎಲ್ಲಿ ಕೂರ್ಲಿ?"

"ಇದು ತಂದಿರೋ ನೀರು ಅಂತ ಎಷ್ಟ್ ಸಲ ಹೇಳೋದು?"

ಅವಳು ದನಿ ಏರಿಸಲಿಲ್ಲ. ಆದರೆ ಏರಿಯ ಮೇಲಿದ್ದವರೆಲ್ಲ ಕೇಳಿಸಿಕೊಂಡರು. "ನನ್ನೂ ತಂದೇ ಇರೋದು. ನಾನು ಹೆತ್ತ ಹೆಣ್ಮಕ್ಕಳನ್ನ ನಿಮ್ಮನೆ ಮಕ್ಕಳು ಅಂತ ಧಾರೆ ಎರೆದು ಕಳಿಸಿದ್ರಲ್ಲ. ತಂದೋಳ ಮಕ್ಕಳು, ಕಳಿಸಲ್ಲ ಅಂತ ಇಟ್ಕೊಂಡ್ರಾ?"

ಬುಟ್ಟಿ ತಂದಿದ್ದ ಊರಿನ ಹೆಂಗಸರು ನಿಂತೇ ಇದ್ದರು. ಅವರಲ್ಲಿ ನಮ್ಮೂರಿನಿಂದ ಹೋದವರು ಎಷ್ಟೋ ಜನ. ಒಬ್ಬಳು ಕೂತಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು. ಹೀಗೆ ಸಾಲು ಬೆಳೆಯಿತು. ತಮ್ಮ ಆ ಸಾಲನ್ನು ತುದಿಯಿಂದ ತುದಿಗೆ ನೋಡಿದ. ತಲೆಯ ಟವಲನ್ನು ಬಿಚ್ಚಿ ಕೊಡವಿದ, ಮತ್ತೆ ಕಟ್ಟಿಕೊಂಡ. ಕೊನೆಗೆ ನನ್ನ ಮುಂದೆ ಬಂದು ನಿಂತ.

"ಕಲ್ಲಿನ ಮಟ್ಟಕ್ಕೆ. ಅದಕ್ಕಿಂತ ಒಂದ್ ಬೆರಳು ಕೆಳಗೂ ಇಲ್ಲ."

"ಒಂದ್ ಬೆರಳೂ ಬೇಡ."

"ಇನ್ನೊಂದು. ಹಳ್ಳದ ಉದ್ದಕ್ಕೂ ನಮ್ಮೂರಿನೋರು ಕೈ ಹಾಕದ ಹಾಗೆ ನಾನು ನೋಡ್ಕೋತೀನಿ. ನಿಮ್ಮೂರಿನೋರು ಒಬ್ರು ಮೋಟರ್ ಇಟ್ರೂ ಅವತ್ತೇ ಚೀಲ ವಾಪಸ್."

"ಅದು ನನ್ನ ಜವಾಬ್ದಾರಿ," ಎಂದೆ. ಸ್ವಲ್ಪ ಯೋಚಿಸಿ ಹೇಳಬೇಕಿತ್ತೇನೋ. ಹೇಳಿಯಾಗಿತ್ತು.

ಮೊದಲ ಚೀಲವನ್ನು ಅವನೇ ಎಳೆದ. ಆಮೇಲೆ ಎಲ್ಲರೂ ಕೈ ಹಾಕಿದರು. ಕಲ್ಲುಗಳ ಮೇಲೆ ನೀರು ಮೊದಲು ಹಾಳೆಯಷ್ಟು ತೆಳ್ಳಗೆ ಬಂತು, ಆಮೇಲೆ ದಪ್ಪವಾಯಿತು. ನಾವು ಸರದಿಯಂತೆ ಬಂದು ಅಕ್ಕಿ ಬಿಟ್ಟೆವು. ನಾದಿನಿಯ ಹತ್ತಿರ ಅಕ್ಕಿ ಇರಲಿಲ್ಲ, ನನ್ನ ಹಿಡಿಯಲ್ಲಿ ಅರ್ಧ ಕೊಟ್ಟೆ. ಆಮೇಲೆ ಆರಿದ ರೊಟ್ಟಿಯನ್ನೇ ಎಲ್ಲರೂ ಉಂಡೆವು. ಮಂಡಿನೋವಿನ ಅಕ್ಕ ಪಾಯಸದ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

ಅಲ್ಲಿಗೆ ಕೆಲಸ ಮುಗಿಯಿತೆಂದು ನಮ್ಮೂರಿನಲ್ಲಿ ಹಲವರು ತಿಳಿದರು. ಅರ್ಧವೂ ಮುಗಿದಿರಲಿಲ್ಲ. ಒಣಗಿದ ಹಳ್ಳ ನೀರನ್ನು ಕುಡಿಯುತ್ತದೆ. ಮರಳಿನ ಗುಂಡಿ ಒಂದೊಂದೂ ಒಂದೊಂದು ಬಾವಿ. ನೀರಿನ ತುದಿ ಒಂದು ಗುಂಡಿಗೆ ಇಳಿದರೆ ಅದು ತುಂಬಿ ಮೇಲೇಳುವವರೆಗೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ನಾನು ಸರದಿ ಹಾಕಿದೆ. ಇವತ್ತು ಇಂಥ ಬೀದಿಯವರು, ನಾಳೆ ಇಂಥವರು. ಮಚ್ಚು, ಗುದ್ದಲಿ ಹಿಡಿದು ನೀರಿನ ತುದಿಗಿಂತ ಮುಂದೆ ಹೋಗಿ ಜಾಲಿ ಕಡಿಯುವುದು, ಪ್ಲಾಸ್ಟಿಕ್ ಎತ್ತುವುದು, ದಾರಿ ಬಿಡಿಸುವುದು. ಈ ಕೆಲಸಕ್ಕೆ ಗಂಡಸರು ಬರಬಹುದೆಂದು ಅಪ್ಪಣೆ ಕೊಟ್ಟೆ. ನಿತ್ಯ ಬೆಳಿಗ್ಗೆ ರೊಟ್ಟಿ ಮುಗಿಸಿ ನಾನೂ ಹೋಗುತ್ತಿದ್ದೆ. ತುದಿಯಲ್ಲಿ ನೊರೆ, ತರಗೆಲೆ, ಅಡಿಕೆ ಸಿಪ್ಪೆ, ಒಂದು ಹಳೆಯ ಚಪ್ಪಲಿ. ಆ ಚಪ್ಪಲಿ ನಮ್ಮ ಜೊತೆ ಎಷ್ಟು ದಿನ ಪ್ರಯಾಣ ಮಾಡಿತೆಂದರೆ ಕೊನೆಗೆ ಅದು ಕಾಣದಿದ್ದರೆ ಹುಡುಕುತ್ತಿದ್ದೆವು.

ನೀರು ನಮ್ಮೂರಿನ ಎಲ್ಲೆಯೊಳಕ್ಕೆ ಬಂದ ಬೆಳಿಗ್ಗೆ, ಹಳ್ಳದ ಪಕ್ಕದ ತೋಟವೊಂದರಿಂದ ಮೋಟರಿನ ಸದ್ದು ಕೇಳಿತು. ಸದ್ದಿನ ಕಡೆಗೆ ಹೋದೆ. ತೋಟ ನಮ್ಮದು. ಗುಂಡಿಯಲ್ಲಿ ನಿಂತ ನೀರಿಗೆ ಪೈಪು ಇಳಿಬಿಟ್ಟು, ನಮ್ಮ ಯಜಮಾನರು ಎಳೆ ತೆಂಗಿನ ಪಾತಿಗಳಿಗೆ ಹಾಯಿಸುತ್ತಿದ್ದರು.

"ಒಂದ್ ಗಳಿಗೆ ಅಷ್ಟೆ," ಎಂದರು. "ಸಸಿ ಸುಳಿ ಒಣಗ್ತಾ ಇದೆ. ಇಷ್ಟು ನೀರಲ್ಲಿ ಇದೆಷ್ಟು?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಸಸಿಗಳನ್ನು ಕೈಯಾರೆ ನೆಟ್ಟವರಲ್ಲಿ ನಾನೂ ಒಬ್ಬಳು. ಸುಳಿ ಒಣಗಿದ್ದು ನನಗೂ ಕಾಣುತ್ತಿತ್ತು. ಆದರೂ ಪಂಪಿನ ಮನೆಯೊಳಗೆ ಹೋಗಿ ಮೇನ್ ಸ್ವಿಚ್ಚು ಇಳಿಸಿ, ಫ್ಯೂಸುಗಳನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಬಂದೆ.

"ಏನೇ ಇದು?"

"ಕೆರೆ ಮುಟ್ಲಿ, ಕೊಡ್ತೀನಿ."

"ಸಸಿ ಹೋದ್ರೆ?"

"ಹೋದ್ರೆ ಇನ್ನೊಂದ್ಸಲ ನೆಡೋಣ."

ಆ ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ಆದರೆ ಫ್ಯೂಸಿನ ಸುದ್ದಿ ಹಳ್ಳದ ಉದ್ದಕ್ಕೂ ನೀರಿಗಿಂತ ಬೇಗ ಹರಿಯಿತು. ಗಂಡನ ಮೋಟರನ್ನೇ ನಿಲ್ಲಿಸಿದವಳು ನಮ್ಮದನ್ನು ಬಿಡುತ್ತಾಳೆಯೇ ಎಂದು ಇನ್ನಿಬ್ಬರು ರಾತ್ರೋರಾತ್ರಿ ಪೈಪು ಎತ್ತಿಕೊಂಡರಂತೆ. ಎರಡು ಸಸಿ ಹೋದವು. ಅವು ಹೋದದ್ದಕ್ಕೆ ನಾನೇ ಕಾರಣ, ಅದನ್ನು ಇನ್ನೊಬ್ಬರ ಮೇಲೆ ಹಾಕುವುದಿಲ್ಲ.

ನೀರು ನಮ್ಮ ಕೆರೆಯನ್ನು ಮುಟ್ಟಿದ್ದು ಒಂದು ಇಳಿಹೊತ್ತಿನಲ್ಲಿ. ದೊಡ್ಡ ದೃಶ್ಯವೇನೂ ಆಗಲಿಲ್ಲ. ಬಿರುಕು ಬಿಟ್ಟ ಕೆರೆಯಂಗಳಕ್ಕೆ ಕಂದು ಬಣ್ಣದ ನಾಲಿಗೆಯೊಂದು ಇಳಿದು, ಬಿರುಕುಗಳೊಳಗೆ ಮಾಯವಾಗಿ, ಮತ್ತೆ ಮೇಲೆ ಬಂದು ಮುಂದಕ್ಕೆ ಸರಿಯಿತು. ಚಪ್ಪಲಿಯೂ ಬಂತು. ಬೋರಿನ ಕಡೆಗೆ ನೀರು ತಿರುಗುವುದನ್ನು ನೋಡಿದ ಮೇಲೆ ಸೆರಗಿನ ಗಂಟು ಬಿಚ್ಚಿ ಫ್ಯೂಸುಗಳನ್ನು ಯಜಮಾನರ ಕೈಗೆ ಕೊಟ್ಟೆ. ಅವರು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು, ತೋಟದ ಕಡೆ ಹೋಗಲಿಲ್ಲ. ನಮ್ಮ ಜೊತೆಗೇ ನಿಂತರು.

ಇನ್ನು ತವರಿಗೆ ಸುದ್ದಿ ಕೊಡಬೇಕಿತ್ತು. ನಮ್ಮ ಕೆರೆಯ ಬಳಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಏರಿಯ ನಡುವಿನ ತೂಬಿನ ಕಲ್ಲಿನ ಮೇಲೆ ನಿಂತರೆ. ನಾನು ಹತ್ತಿ ನಿಂತು ತಮ್ಮನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದ.

"ಸೇರಿದ್ಲು ಕಣೋ," ಎಂದೆ.

ಅವನು ಅದನ್ನು ಅಲ್ಲಿದ್ದವರಿಗೆ ಕೂಗಿ ಹೇಳಿದ. ಆಮೇಲೆ ಕೇಳಿದ: "ದಾರೀಲಿ ಯಾರಾದ್ರೂ ತಡೆದ್ರಾ?"

ಇಲ್ಲ ಎನ್ನಬಹುದಿತ್ತು. ಯಜಮಾನರು ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದರು. "ತಡೆದ್ರು," ಎಂದೆ. "ಫ್ಯೂಸ್ ಕಿತ್ಕೊಂಡೆ."

"ಯಾರ್ದು, ಭಾವಂದಾ?"

"ಹೂಂ."

ಅವನು ನಗಲು ಶುರುಮಾಡಿದ. ನಗು ನಿಲ್ಲಲಿಲ್ಲ. ಚೀಲ ವಾಪಸ್ಸು ಇಡುವ ಮಾತನ್ನು ಎತ್ತಲೂ ಇಲ್ಲ. ಹಿಂದಿನಿಂದ ನಾದಿನಿ ಏನಾಯ್ತು, ಏನಾಯ್ತು ಎಂದು ಕೇಳುತ್ತಿದ್ದಳು. ಕಲ್ಲಿನ ಕೆಳಗೆ ಹೆಂಗಸರು ತಂತಮ್ಮ ಫೋನು ಹಿಡಿದು ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬಳೂ ತನ್ನ ತವರಿಗೆ ತಾನೇ ಹೇಳಬೇಕು. ಮಂಡಿನೋವಿನ ಅಕ್ಕನನ್ನು ಇಬ್ಬರು ಹಿಡಿದುಕೊಂಡು ಮೊದಲು ನಿಲ್ಲಿಸಿದ್ದರು.

"ಸರಿ, ಇಡ್ತೀನಿ," ಎಂದೆ ತಮ್ಮನಿಗೆ. "ಸರದೀಲಿ ಜನ ಇದಾರೆ."

ಕಲ್ಲಿನಿಂದ ಇಳಿದು ಅಕ್ಕನಿಗೆ ಕೈ ಕೊಟ್ಟು ಮೇಲೆ ಹತ್ತಿಸಿದೆ. ಒಬ್ಬೊಬ್ಬರಿಗೂ ಮೂರು ನಿಮಿಷ ಎಂದು ಮೊದಲೇ ಹೇಳಿಬಿಟ್ಟೆ.